ಬುಡ ಉಬ್ಬಿದ ಶೆಲ್ಫ್: ಗುಜರಿಗೆ ಹಾಕೋದಾ, ಬೆಂಚು ಮಾಡೋದಾ?

ಬಾಡಿಗೆಮನೆ ರಾಣಿ

ನಮಸ್ಕಾರ. 3 ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ ಶೆಲ್ಫ್ ಇದು. ಡಬ್ಬದಲ್ಲಿ ಹಲಗೆ, ಸ್ಕ್ರೂ, ಒಂದು ಎಲ್ ಕೀ ಬಂದಿತ್ತು. ನಾನೇ ಕೂತು ಜೋಡಿಸಿದ್ದು. (ಒಂದು ಹಲಗೆಯನ್ನು ಹಿಂದುಮುಂದು ಹಾಕಿದ್ದೇನೆ. ಇವತ್ತಿಗೂ ಹಾಗೇ ಇದೆ.) ಒಂದರ ಮೇಲೊಂದು ನಾಲ್ಕು ಖಾನೆ. ಎತ್ತರ 58 ಇಂಚು, ಅಗಲ 16, ಆಳ 15. ಹಿಂದೆ ಹಲಗೆ ಇಲ್ಲ.

ದಿನಾ ನೆಲ ಒರೆಸಿ ಒರೆಸಿ ಬುಡದ ಅಂಚು ಉಬ್ಬಿಕೊಂಡಿದೆ, ಮೇಲಿನ ಪದರ ಎದ್ದಿದೆ. ಕೆಳಗಿನ ಖಾನೆಗೆ ಒಂದು ಬಾಗಿಲಿತ್ತು, ಅದರ ಸ್ಕ್ರೂ ಈಗ ಸುಮ್ನೆ ತಿರುಗುತ್ತದೆ, ಹಿಡಿಯುವುದಿಲ್ಲ. ಇನ್ನು ಆ ಬಿಳಿ ಬಣ್ಣ ನೋಡಿದರೆ ಅಮ್ಮನಿಗೆ ಆಸ್ಪತ್ರೆ ನೆನಪಾಗುತ್ತದಂತೆ.

ಅಮ್ಮನಿಗೆ ಮಂಡಿನೋವು. ಚಪ್ಪಲಿ ಹಾಕಿಕೊಳ್ಳಲು ಬಾಗಿಲ ಹತ್ತಿರ ಕೂರುವ ಜಾಗ ಬೇಕು. ಇದನ್ನೇ ಅಡ್ಡ ಮಲಗಿಸಿ ಬೆಂಚು ಮಾಡಬಹುದಾ? ಗೋಡೆಗೆ ಒಂದು ಮೊಳೆ ಹೊಡೆದರೂ ಓನರ್ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರೆ. ಬಜೆಟ್ 1,500 ರೂಪಾಯಿ. ಗುಜರಿಯವನು 50 ಕೊಡ್ತೀನಿ ಅಂದ.

ಭಾನುವಾರದ ಬಡಗಿ

ಗುಜರಿಗೆ ಹಾಕಬೇಡಿ ಮೇಡಂ. ಮೊದಲು ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ, ತೆಂಗಿನಕಾಯಿ ತಟ್ಟಿ ನೋಡ್ತೀವಲ್ಲ, ಹಾಗೆ. ಟಕ್ ಟಕ್ ಅಂದರೆ ಪಾರ್ಟಿಕಲ್ ಬೋರ್ಡ್. ಅಂದರೆ ಮರದ ಚೂರನ್ನು ಅಂಟಿನಲ್ಲಿ ಕಲಸಿ ಒತ್ತಿದ್ದು. ಡಬ್ ಡಬ್ ಅಂದರೆ ಒಳಗೆ ಜೇನುಗೂಡಿನಂಥ ರಟ್ಟು, ಅಂಚಿನಲ್ಲಿ ಮಾತ್ರ ಗಟ್ಟಿ. ಐಕಿಯಾ ಕಂಪನಿಯ ಲ್ಯಾಕ್ ಟೇಬಲ್ ಅಷ್ಟು ಹಗುರ ಇರುವುದು ಇದಕ್ಕೇ. ಅಂಥ ಹಲಗೆಯ ನಡುವೆ ಸ್ಕ್ರೂ ಹಾಕಿದರೆ ಗಾಳಿಗೆ ಹಾಕಿದಂತೆ.

ನಾನು ಇದನ್ನು ಕಲಿತದ್ದು ಒಂದು ಟೀಪಾಯಿ ಹಾಳು ಮಾಡಿಕೊಂಡು. ತಟ್ಟದೇ ನಡುವೆ ನಾಲ್ಕು ಚಕ್ರ ಹಾಕಿದೆ. ಮಾರನೇ ದಿನ ಎರಡು ಚಕ್ರ ನೆಲದಲ್ಲಿ, ಟೀಪಾಯಿ ಗೋಡೆಗೆ ಒರಗಿಕೊಂಡು. ಮನೆಯವಳು ಇನ್ನೂ ಆಡಿಕೊಳ್ಳುತ್ತಾಳೆ.

ಉಬ್ಬಿದ್ದು ಮತ್ತೆ ತೆಳ್ಳಗಾಗುವುದಿಲ್ಲ, ಆ ಆಸೆ ಬಿಡಿ. ಆದರೆ ಶೆಲ್ಫ್ ಮಲಗಿಸಿದರೆ ಬುಡ ಪಕ್ಕಕ್ಕೆ ಬರುತ್ತದೆ ಅಲ್ವಾ? ಆ ಕಡೆಯನ್ನು ಮೂಲೆ ಗೋಡೆಗೆ ತಿರುಗಿಸಿ. ಅದಕ್ಕೂ ಮೊದಲು ಎರಡು ದಿನ ಫ್ಯಾನ್ ಕೆಳಗೆ ಒಣಗಿಸಿ, ಎದ್ದ ಪದರದೊಳಗೆ ಫೆವಿಕಾಲ್ ತುಂಬಿ, ಎರಡು ಮರದ ಪಟ್ಟಿ ನಡುವೆ ಬಿಗಿಯಾಗಿ ಕಟ್ಟಿ ಒಂದು ರಾತ್ರಿ ಬಿಡಿ. ಒಣಗಿದ ಮೇಲೆ ಅಂಚಿಗೆ ಪೇಂಟ್ ಹಚ್ಚಿ ಮುಚ್ಚಿ. ನೀರು ಒಳಗೆ ಹೋಗುವುದು ಅಂಚಿನಿಂದಲೇ.

ಕೂರುವ ಕಡೆಗೆ 12 ಎಂಎಂ ಪ್ಲೈವುಡ್ ಹಾಕಿ. ಪ್ಲೈವುಡ್ ಅಂಗಡಿಯಲ್ಲಿ ಉಳಿದ ತುಂಡು ಕೇಳಿ, ಅಳತೆ ಕೊಟ್ಟರೆ ಅಲ್ಲೇ ಕತ್ತರಿಸಿ ಕೊಡುತ್ತಾರೆ. ಒಬ್ಬರ ಭಾರ ಒಂದೇ ಕಡೆ ಬೀಳದೆ ಎಲ್ಲಾ ಅಡ್ಡಹಲಗೆಗೂ ಹಂಚುತ್ತದೆ. ಹಿಂದುಗಡೆಗೂ ತೆಳು ಪ್ಲೈ ಒಂದು ಬೇಕೇ ಬೇಕು. ಹಿಂದೆ ಖಾಲಿ ಇದ್ದರೆ, ಕೂತು ಏಳುವಾಗ ಇಡೀ ಚೌಕಟ್ಟು ಪಕ್ಕಕ್ಕೆ ವಾಲುತ್ತದೆ. ಅಮ್ಮ ಕೂರುವ ಮುಂಚೆ ನೀವೇ ಎರಡು ದಿನ ಕೂತು ನೋಡಿ.

ಕೆಳಗೆ ಉದ್ದಕ್ಕೆ ಎರಡು ರೀಪರ್ (ಮರದ ಉದ್ದ ಪಟ್ಟಿ), ಅದರಡಿ ರಬ್ಬರ್ ಬುಷ್. ನೆಲ ಒರೆಸುವ ನೀರು ಹಲಗೆಗೆ ತಾಗಬಾರದು. ಎತ್ತರವೂ 18 ಇಂಚಿನ ಹತ್ತಿರ ಬರುತ್ತದೆ. ಮಂಡಿನೋವಿನವರಿಗೆ ತಗ್ಗು ಸೀಟಿನಿಂದ ಏಳುವುದೇ ಕಷ್ಟ.

ಖಾನೆಯ ಬಾಗಿಲು ಬಿಚ್ಚಿ ತೆಗೆದುಬಿಡಿ. ಚಪ್ಪಲಿಗೆ ಗಾಳಿ ಬೇಕು. ಬೇರೆ ಯಾರಿಗಾದರೂ ಹಿಂಜ್ ಉಳಿಸಿಕೊಳ್ಳಬೇಕಿದ್ದರೆ: ಮದ್ದಿನ ತಲೆ ಮುರಿದ ಬೆಂಕಿಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ತುರುಕಿ, ಒಂದು ದಿನ ಬಿಟ್ಟು ಸ್ಕ್ರೂ ಹಾಕಿ. ಟೊಳ್ಳು ಹಲಗೆಗೆ ಇದು ನಡೆಯಲ್ಲ.

ಚನ್ನಪಟ್ಟಣದ ಅಳಿಯ

ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ ಅಂದ್ರಲ್ಲ, ಬೆಂಚಿನ ಪಕ್ಕಕ್ಕೇ ಗುಬುಟು ಹಾಕಿ, ಕೊಡೆ, ಚೀಲ ನೇತುಹಾಕಬಹುದು. ನಮ್ಮ ಮಾವನ ಊರಲ್ಲಿ ಆಟಿಕೆ ಮಾಡುವವರೇ ಡ್ರಾಯರ್ ಗುಬುಟನ್ನೂ ಮಾಡುತ್ತಾರೆ. ಮರವನ್ನು ಲೇಥ್‌ನಲ್ಲಿ ತಿರುಗಿಸುತ್ತಲೇ ಅರಗಿನ ಬಣ್ಣದ ಕಡ್ಡಿ ಒತ್ತುತ್ತಾರೆ, ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಬೋಲ್ಟ್ ಆರಪಾರ ಹೋಗುವಂಥದ್ದು ತಗೊಳ್ಳಿ. ಒಳಗಿನಿಂದ ಅಗಲ ವಾಷರ್ ಹಾಕಿ ನಟ್ ಬಿಗಿದರೆ ಟೊಳ್ಳು ಹಲಗೆಯಲ್ಲೂ ನಿಲ್ಲುತ್ತದೆ.

ಮಳೆನಾಡಿನವಳು

ಬಣ್ಣದ ವಿಷಯ. ಆ ನುಣುಪಿನ ಮೇಲೆ ನೇರ ಪೇಂಟ್ ಹೊಡೆದರೆ ಉಗುರಿಗೇ ಎದ್ದು ಬರುತ್ತದೆ. 220 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಧೂಳು ಒರೆಸಿ, ಪ್ರೈಮರ್, ಆಮೇಲೆ ಎರಡು ಕೋಟ್. ಮಳೆ ದಿನ ಬೇಡ, ಒಣಗುವಷ್ಟರಲ್ಲಿ ಜೀವ ಹೋಗುತ್ತದೆ.

ನಾನಾದರೆ ಇಷ್ಟೆಲ್ಲ ಮಾಡಲ್ಲ. ಹಿಂದಿನ ಪ್ಲೈಗೆ ಹಳೇ ಇಳಕಲ್ ಸೀರೆಯ ಸೆರಗು ಅಂಟಿಸುತ್ತೇನೆ. ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ, ಬ್ರಷ್‌ನಲ್ಲಿ ಪ್ಲೈಗೆ ಹಚ್ಚಿ, ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರುತ್ತಾ ಬರುವುದು. ಸೀರೆ ಹರಿದಿರಬೇಕು ಮತ್ತೆ! ಒಳ್ಳೆಯದಕ್ಕೆ ಕತ್ತರಿ ಹಾಕಬೇಡಿ.

ಬಾಡಿಗೆಮನೆ ರಾಣಿ

ಎಲ್ಲರಿಗೂ ಥ್ಯಾಂಕ್ಸ್. ತಟ್ಟಿ ನೋಡಿದೆ: ಹೊರಚೌಕಟ್ಟು ಟಕ್ ಟಕ್, ಅಡ್ಡಹಲಗೆ ಡಬ್ ಡಬ್. ಹಾಗಾಗಿ ಪ್ಲೈಯನ್ನು ಅಡ್ಡಹಲಗೆಗೆ ಹೊಡೆಯದೆ ಹೊರಚೌಕಟ್ಟಿಗೆ ಮಾತ್ರ ಸ್ಕ್ರೂ ಹಾಕಿದೆ. ಎರಡೂ ಪ್ಲೈ, ರೀಪರ್, ಬುಷ್, ಪ್ರೈಮರ್, ಚಿಕ್ಕ ಡಬ್ಬ ಪೇಂಟ್ ಸೇರಿ 1,360 ಆಯಿತು. ಎರಡು ದಿನ ಕೂತು ನೋಡಿದೆ, ಅಲ್ಲಾಡಲಿಲ್ಲ. ಮೂರನೇ ದಿನದಿಂದ ಅಮ್ಮ ಕೂರುತ್ತಿದ್ದಾರೆ. ಚಪ್ಪಲಿ ಹಾಕಿಕೊಂಡ ಮೇಲೂ ಏಳುವುದಿಲ್ಲ, ಪಕ್ಕದ ಮನೆಯವರ ಜೊತೆ ಮಾತು.

ಸೀರೆಗೆ ಅಮ್ಮ ಒಪ್ಪಲಿಲ್ಲ. ಹರಿದಿದ್ದಾದರೂ ಸೀರೆ ಚಪ್ಪಲಿ ಹತ್ತಿರ ಬೇಡವಂತೆ. ಹಳೇ ಬೆಡ್‌ಶೀಟ್ ಅಂಟಿಸಿದೆ.

ಒಂದೇ ಸಮಸ್ಯೆ ಉಳಿದಿದೆ. ಹಿಂದುಮುಂದು ಹಾಕಿದ್ದ ಹಲಗೆ ಈಗ ಮನೆಬಾಗಿಲು ತೆಗೆದ ತಕ್ಷಣ ಕಾಣುವ ಜಾಗಕ್ಕೇ ಬಂದಿದೆ, ಅದರ ಬೋಳು ಅಂಚು ಸಮೇತ. ಅದಕ್ಕೆ ಏನು ಅಂಟಿಸಲಿ?

ಭಾನುವಾರದ ಬಡಗಿ

ಎಡ್ಜ್ ಬ್ಯಾಂಡ್ ಪಟ್ಟಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಹಿಂದೆ ಅಂಟು ಇರುವಂಥದ್ದೇ ಕೇಳಿ. ಮೇಲೆ ಬಟ್ಟೆ ಹಾಕಿ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಕೂರುತ್ತದೆ. ಅಮ್ಮ ಅಷ್ಟು ಹೊತ್ತು ಏಳಬೇಕು ಅಷ್ಟೇ.