ಹಾಸ್ಯ ನಟನಾಗಲು ಕೆಲಸ ಬಿಡಬೇಕೆ? ಬಲ್ಲವರು ಅನುಭವ ಹೇಳಿ

ಪ್ರಶ್ನೆ

ನನಗೆ ಇಪ್ಪತ್ತೈದು ವರ್ಷ. ಮನೆ ರಾಜಾಜಿನಗರದಲ್ಲಿ, ಕೆಲಸ ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ. ಗಣೇಶೋತ್ಸವ, ರಾಜ್ಯೋತ್ಸವ ಬಂದರೆ ನಮ್ಮ ಬಡಾವಣೆಯ ವೇದಿಕೆಯಲ್ಲಿ ಮಿಮಿಕ್ರಿ ಮಾಡುತ್ತೇನೆ, ಜನ ಚೆನ್ನಾಗಿ ನಗುತ್ತಾರೆ. ಸಿನಿಮಾದಲ್ಲಿ ಹಾಸ್ಯ ನಟನಾಗಬೇಕೆಂಬುದು ಶಾಲೆಯ ದಿನಗಳಿಂದಲೂ ಇರುವ ಆಸೆ. ಕೆಲಸ ಬಿಟ್ಟು ಪ್ರಯತ್ನಿಸಬೇಕೆ? ಎಲ್ಲಿ ಕಲಿಯಬೇಕು? ಗಾಂಧಿನಗರದಲ್ಲಿ ಪರಿಚಯವಾದ ಒಬ್ಬರು ಮೂವತ್ತು ಸಾವಿರ ಕೊಟ್ಟರೆ ಪಾತ್ರ ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಹನುಮಂತನಗರದ ರಂಗ ಮತ್ತು ಸಿನಿಮಾ ನಟರೊಬ್ಬರು

ಮೊದಲು ಹಣದ ಮಾತು ಮುಗಿಸಿಬಿಡೋಣ. ಒಂದು ಪೈಸೆಯನ್ನೂ ಕೊಡಬೇಡಿ. ಪಾತ್ರ ಮಾಡಿದವನಿಗೆ ನಿರ್ಮಾಪಕರು ಹಣ ಕೊಡುವುದು ಪದ್ಧತಿ. ನಟನೇ ಹಣ ಕೊಡಬೇಕೆಂದು ಹೇಳುವವರ ಕೈಯಲ್ಲಿ ಸಾಮಾನ್ಯವಾಗಿ ಪಾತ್ರವೇ ಇರುವುದಿಲ್ಲ. ದುಬಾರಿ ಫೋಟೊ ಆಲ್ಬಮ್ ಕೂಡ ಬೇಡ. ಹಗಲು ಬೆಳಕಿನಲ್ಲಿ ಮೊಬೈಲ್‌ನಿಂದ ತೆಗೆದ ನಾಲ್ಕಾರು ಚಿತ್ರಗಳು, ಹೆಸರು, ಎತ್ತರ, ಬಲ್ಲ ಭಾಷೆಗಳನ್ನು ಹೇಳುವ ಚಿಕ್ಕ ವಿಡಿಯೊ ಇದ್ದರೆ ಸಹ ನಿರ್ದೇಶಕರಿಗೆ ಸಾಕು.

ಇನ್ನು ಕಲಿಕೆಯ ವಿಷಯ. ಮಿಮಿಕ್ರಿ ಮಾಡುವಾಗ ನೀವು ಒಬ್ಬರೇ. ಮಾತೂ ನಿಮ್ಮದು, ಬಿಡುವೂ ನಿಮ್ಮದು, ನಗು ನೇರವಾಗಿ ನಿಮ್ಮ ಕಡೆಗೆ ಬರುತ್ತದೆ. ಪಾತ್ರ ಮಾಡುವಾಗ ಎದುರಿಗೆ ಇನ್ನೊಬ್ಬರು ನಿಂತಿರುತ್ತಾರೆ. ಅವರ ಮಾತನ್ನು ನೀವು ಹೇಗೆ ಕೇಳಿಸಿಕೊಳ್ಳುತ್ತೀರಿ ಎಂಬುದರ ಮೇಲೆಯೇ ಹಾಸ್ಯ ನಿಲ್ಲುತ್ತದೆ. ನನ್ನ ತಿಳಿವಳಿಕೆಯಲ್ಲಿ ಹಾಸ್ಯ ನಟನ ಕೆಲಸದ ಮುಕ್ಕಾಲು ಪಾಲು ಈ ಕೇಳಿಸಿಕೊಳ್ಳುವುದರಲ್ಲಿದೆ. ಹೊಸಬರು ಇದನ್ನೇ ಕಡೆಗಣಿಸುತ್ತಾರೆ. ತಮ್ಮ ಮಾತಿನ ಸರದಿಗಾಗಿ ಕಾಯುತ್ತಾ ನಿಂತಿರುತ್ತಾರೆ, ಅಷ್ಟೇ.

ತಾಲೀಮಿನಲ್ಲಿ ನಾವು ಹೊಸಬರಿಗೆ ಮಾಡಿಸುವ ಒಂದು ಪ್ರಸಂಗ ಹೇಳುತ್ತೇನೆ. ಬಾಡಿಗೆ ಕೇಳಲು ಮನೆ ಮಾಲೀಕರು ಬಂದಿದ್ದಾರೆ. ಗಂಡ ಪರದೆಯ ಹಿಂದೆ ಅಡಗಿದ್ದಾನೆ. ಹೆಂಡತಿ, “ಅವರು ಊರಿನಲ್ಲಿಲ್ಲ” ಎನ್ನುತ್ತಾಳೆ. ಮಾಲೀಕರು, “ಹೌದೆ? ಅವರ ಹೆಸರಿಗೆ ಕೊರಿಯರ್ ಬಂದಿತ್ತು, ಒಳಗೆ ಚೆಕ್ ಇದ್ದ ಹಾಗಿದೆ. ಹಾಗಾದರೆ ವಾಪಸು ಕಳುಹಿಸುತ್ತೇನೆ” ಎನ್ನುತ್ತಾರೆ. ಪರದೆಯ ಹಿಂದಿರುವವನಿಗೆ ಮಾತೇ ಇಲ್ಲ, ಆದರೆ ನಗು ಪೂರ್ತಿ ಅವನದು. ಹೊಸಬರು “ಕೊರಿಯರ್” ಎಂದು ಕೇಳುತ್ತಿದ್ದಂತೆಯೇ ಕಣ್ಣರಳಿಸಿ, ಬಾಯಿ ತೆರೆದು, ತಲೆ ಚಚ್ಚಿಕೊಳ್ಳುತ್ತಾರೆ. ಅಲ್ಲಿಗೆ ಪ್ರಸಂಗ ಸತ್ತಂತೆ. ಕೊರಿಯರ್ ಎಂದಾಗ ಅವನಿಗೆ ಏನೂ ಆಗಬಾರದು. ಚೆಕ್ ಎಂದಾಗ ಮುಖ ಹಾಗೆಯೇ ಇರಬೇಕು, ಪರದೆಯ ಕೆಳಗೆ ಕಾಣುವ ಹೆಬ್ಬೆರಳು ಮಾತ್ರ ಒಂದಿಷ್ಟು ಮುಂದೆ ಸರಿಯಬೇಕು. ವಾಪಸು ಎಂಬ ಮಾತು ಬಿದ್ದಾಗ ಇಡೀ ಪಾದ ಹೊರಬರಬೇಕು. ಹೆಂಡತಿ ಆ ಪಾದವನ್ನು ನೋಡಿ ಸೆರಗಿನಿಂದ ಮರೆಮಾಡಲು ಹೊರಟರೆ ಎರಡನೆಯ ನಗು. ಇಷ್ಟು ಮಾಡಲು ಮಾತನ್ನು ಪದಪದವಾಗಿ, ಮೊದಲ ಬಾರಿಗೆ ಎಂಬಂತೆ ಕೇಳಿಸಿಕೊಳ್ಳಬೇಕು. ಹತ್ತನೆಯ ಟೇಕ್‌ನಲ್ಲಿಯೂ ಅದು ಮೊದಲ ಬಾರಿಯೇ ಆಗಿರಬೇಕು. ಕಷ್ಟವಿರುವುದು ಇಲ್ಲಿ.

ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿಕೊಂಡು ತಮ್ಮ ಮಾತು ಎತ್ತಿಕೊಳ್ಳುತ್ತಿದ್ದ ನಟ ಅವರು. ಅವರೂ ನರಸಿಂಹರಾಜು ಅವರೂ ಒಟ್ಟಿಗಿರುವ ಕಪ್ಪು ಬಿಳುಪು ಚಿತ್ರಗಳ ದೃಶ್ಯಗಳನ್ನು ಶಬ್ದ ನಿಲ್ಲಿಸಿ ನೋಡಿ. ಮಾತನಾಡುತ್ತಿರುವವರನ್ನು ಬಿಟ್ಟು ಸುಮ್ಮನಿರುವವರನ್ನೇ ಗಮನಿಸಿ. ಬಾಲಣ್ಣನವರ ಕಣ್ಣು ಜೊತೆ ನಟನ ಮುಖ ಬಿಟ್ಟು ಕದಲುವುದೇ ಇಲ್ಲ. ಕಿವಿಯ ಕೊರತೆಯನ್ನು ತುಂಬಲು ರೂಢಿಸಿಕೊಂಡ ಆ ನೋಟವೇ ಅವರ ನಟನೆಗೆ ಅಷ್ಟು ಬಿಗಿ ತಂದಿತು ಎಂದು ನಾನು ನಂಬಿದ್ದೇನೆ.

ನರಸಿಂಹರಾಜು ಎಂದರೆ ಉಬ್ಬುಹಲ್ಲು ಎಂದು ಹೇಳಿ ಮುಗಿಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ನಾಟಕ ಕಂಪನಿ ಸೇರಿದರು. ಸಿನಿಮಾಕ್ಕೆ ಬಂದದ್ದು 1954ರಲ್ಲಿ, ರಾಜ್‌ಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ದಲ್ಲಿಯೇ. ಅಷ್ಟು ಹೊತ್ತಿಗೆ ಮೂವತ್ತು ದಾಟಿತ್ತು, ಎಷ್ಟೋ ಊರುಗಳ ಪ್ರೇಕ್ಷಕರ ಎದುರು ಪಳಗಿದ್ದರು. ಅವರು ತೀರಿಕೊಂಡ 1979ರವರೆಗೂ ಕನ್ನಡ ಚಿತ್ರರಂಗ ಅವರನ್ನು ಬಿಡಲಿಲ್ಲ. ಹಲ್ಲು ನೋಡಿ ಜನ ಒಂದು ಸಲ ನಗಬಹುದು. ಇಪ್ಪತ್ತೈದು ವರ್ಷ ನಗಿಸಿದ್ದು ಮಾತಿನ ನಡುವೆ ಎಲ್ಲಿ ನಿಲ್ಲಬೇಕೆಂಬ ಅವರ ಖಚಿತ ಲೆಕ್ಕ.

ರಂಗಕ್ಕೂ ಕ್ಯಾಮೆರಾಕ್ಕೂ ಇರುವ ಒಂದು ವ್ಯತ್ಯಾಸವನ್ನು ಈಗಲೇ ತಿಳಿದಿರಿ. ನಾಟಕದಲ್ಲಿ ಪ್ರೇಕ್ಷಕರು ನಕ್ಕರೆ ಆ ನಗು ಇಳಿಯುವವರೆಗೆ ತಡೆದು, ಪೂರ್ತಿ ಆರುವ ಮೊದಲೇ ಮುಂದಿನ ಮಾತು ಹಿಡಿಯಬೇಕು. ಚಿತ್ರೀಕರಣದಲ್ಲಿ ಯಾರೂ ನಗುವುದಿಲ್ಲ. ಟೇಕ್ ನಡೆಯುವಾಗ ಸೆಟ್ಟಿನಲ್ಲಿ ಉಸಿರಾಟ ಕೇಳುವಷ್ಟು ಮೌನ. ಮಿಮಿಕ್ರಿಯಿಂದ ಬಂದವರು ಆ ಮೌನಕ್ಕೆ ಬೆದರಿ ದನಿ ಎತ್ತರಿಸುತ್ತಾರೆ, ಹಾವಭಾವ ಹೆಚ್ಚಿಸುತ್ತಾರೆ. ಕ್ಲೋಸಪ್ ಇಟ್ಟಿದ್ದರೆ ಹುಬ್ಬಿನ ಸಣ್ಣ ಅಲುಗಾಟವೂ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಯಾವ ಲೆನ್ಸ್, ಫ್ರೇಮ್ ಎಲ್ಲಿಯವರೆಗೆ ಎಂದು ಛಾಯಾಗ್ರಾಹಕರ ಸಹಾಯಕರನ್ನು ವಿನಯದಿಂದ ಕೇಳಿ ತಿಳಿದುಕೊಳ್ಳಿ. ಕೇಳಿದವರನ್ನು ಯಾರೂ ಗದರುವುದಿಲ್ಲ.

ಎಲ್ಲಿ ಕಲಿಯಬೇಕು ಎಂದಿರಿ. ಬೆಂಗಳೂರಿನಲ್ಲಿ ಇರುವವರಿಗೆ ಇದು ಕೊರತೆಯೇ ಅಲ್ಲ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ 1963ರಿಂದ ಇದೆ, ಅದರ ಹಿಂದೆಯೇ ಸಂಸ ಬಯಲು ರಂಗಮಂದಿರ. ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ. ನಮ್ಮ ಹನುಮಂತನಗರದ ಕೆ.ಎಚ್. ಕಲಾಸೌಧ, ಮಲ್ಲತ್ತಹಳ್ಳಿಯ ಕಲಾಗ್ರಾಮ ಇವೆ. ಮೊದಲು ಪ್ರೇಕ್ಷಕರಾಗಿ ಹೋಗಿ. ನಾಟಕ ಮುಗಿದ ಮೇಲೆ ತಂಡದವರನ್ನು ಮಾತನಾಡಿಸಿ, ತಾಲೀಮಿಗೆ ಬರಬಹುದೇ ಎಂದು ಕೇಳಿ. ಹವ್ಯಾಸಿ ತಂಡಗಳಲ್ಲಿ ಬ್ಯಾಂಕಿನವರು, ಶಿಕ್ಷಕರು, ಕಾರ್ಖಾನೆಯವರೇ ತುಂಬಿರುವುದರಿಂದ ತಾಲೀಮು ಸಂಜೆಯ ಹೊತ್ತೇ ನಡೆಯುತ್ತದೆ. ಮೊದಲು ಪರದೆ ಎಳೆಯಲು, ಸಾಮಾನು ಜೋಡಿಸಲು ಹೇಳಿದರೆ ಸಂತೋಷದಿಂದ ಮಾಡಿ. ರಂಗದ ಪಕ್ಕದಲ್ಲಿ ನಿಂತು ಒಂದೇ ನಾಟಕವನ್ನು ಹಲವು ಪ್ರದರ್ಶನಗಳಲ್ಲಿ ನೋಡಿದವನಿಗೆ ಒಂದೇ ಮಾತು ಒಂದು ದಿನ ನಗಿಸಿ ಇನ್ನೊಂದು ದಿನ ಏಕೆ ಸೋತಿತು ಎಂಬುದು ತಾನಾಗಿ ತಿಳಿಯುತ್ತದೆ.

ಮನೆಯಲ್ಲಿ ಟಿ.ಪಿ. ಕೈಲಾಸಂ ಅವರ ನಾಟಕಗಳನ್ನು ಗಟ್ಟಿಯಾಗಿ ಓದಿ. ಕನ್ನಡವೂ ಇಂಗ್ಲಿಷೂ ಹೆಣೆದುಕೊಂಡ ಆ ಸಂಭಾಷಣೆಯನ್ನು ಉಸಿರು ಕಟ್ಟದೆ ಹೇಳಲು ಬಂದರೆ ಯಾವ ಸಂಭಾಷಣಾಕಾರರಿಗೂ ನೀವು ಹೆದರಬೇಕಿಲ್ಲ. ಮುಂದೆ ಎಂದಾದರೂ ಊರು ಬಿಟ್ಟು ಪೂರ್ಣಾವಧಿ ಕಲಿಯುವ ಅನುಕೂಲ ಒದಗಿದರೆ ಹೆಗ್ಗೋಡಿನ ನೀನಾಸಂ ಇದೆ. 1980ರಿಂದ ಅಲ್ಲಿ ರಂಗಶಿಕ್ಷಣ ನಡೆಯುತ್ತಿದೆ.

ನಂದಿನಿ ಬಡಾವಣೆಯ ಸಹಾಯಕ ಸಂಕಲನಕಾರರು

ಮೇಲಿನವರು ಹೇಳಿದ್ದನ್ನು ನನ್ನ ಮೇಜಿನಿಂದ ಸಮರ್ಥಿಸುತ್ತೇನೆ. ಹಾಸ್ಯ ದೃಶ್ಯ ಕತ್ತರಿಸುವಾಗ ಮಾತನಾಡಿದವನ ಮೇಲಿಂದ ಕೇಳಿದವನ ಮುಖಕ್ಕೆ ಯಾವಾಗ ಹೋಗಬೇಕೆಂಬುದೇ ನಮಗಿರುವ ದೊಡ್ಡ ಪ್ರಶ್ನೆ. ಸೆಕೆಂಡಿಗೆ 24 ಫ್ರೇಮ್. ಆರು ಫ್ರೇಮ್ ಆಚೀಚೆ ಆದರೆ ಕಾಲು ಸೆಕೆಂಡ್, ಅಷ್ಟರಲ್ಲಿ ನಗು ಕೈತಪ್ಪುತ್ತದೆ. ಆದ್ದರಿಂದ ನಿಮ್ಮ ಮಾತು ಮುಗಿದ ತಕ್ಷಣ ಪಾತ್ರದಿಂದ ಹೊರಬರಬೇಡಿ. “ಕಟ್” ಎನ್ನುವವರೆಗೂ, ಎಂದ ಮೇಲೆಯೂ ಒಂದು ಕ್ಷಣ ಪಾತ್ರದಲ್ಲೇ ಇರಿ. ನಮಗೆ ಬೇಕಾದ ಮುಖ ಹಲವು ಸಲ ಸಿಗುವುದು ಅಲ್ಲಿಯೇ.

ಇನ್ನೊಂದು ಮಾತು. ವೈಡ್ ಶಾಟ್‌ನಲ್ಲಿ ಕಾಫಿ ಲೋಟ ಯಾವ ಮಾತಿಗೆ ಎತ್ತಿದಿರೋ ಕ್ಲೋಸ್‌ನಲ್ಲಿಯೂ ಅದೇ ಮಾತಿಗೆ ಎತ್ತಿ. ಸ್ಫೂರ್ತಿ ಬಂತೆಂದು ಪ್ರತಿ ಟೇಕ್‌ನಲ್ಲಿ ಹೊಸದನ್ನು ಮಾಡಿದರೆ ಅತ್ಯುತ್ತಮ ಟೇಕ್ ಕೂಡ ಜೋಡಣೆಯಾಗದೆ ಉಳಿಯುತ್ತದೆ. ಹೊಸದು ಹೊಳೆದರೆ ತಾಲೀಮಿನಲ್ಲೇ ನಿರ್ದೇಶಕರಿಗೆ ತೋರಿಸಿ.

ಚಿತ್ರ ಉದ್ದವಾಯಿತೆಂದರೆ ಮೊದಲು ಕತ್ತರಿ ಬೀಳುವುದು ಕಥೆಗೆ ಅಂಟದ ಹಾಸ್ಯ ದೃಶ್ಯಗಳಿಗೆ. ಪಾತ್ರ ಒಪ್ಪುವಾಗ ಈ ಪಾತ್ರವಿಲ್ಲದಿದ್ದರೆ ಕಥೆ ಎಲ್ಲಿ ನಿಲ್ಲುತ್ತದೆ ಎಂದು ಯೋಚಿಸಿ. ನಾಯಕನ ಪತ್ರವನ್ನು ತಪ್ಪು ಮನೆಗೆ ಕೊಡುವ ಅಂಚೆಯವನ ಪಾತ್ರ ಎರಡೇ ನಿಮಿಷದ್ದಾದರೂ ಉಳಿಯುತ್ತದೆ.

ಬಸವೇಶ್ವರನಗರದ ಕಂಠದಾನ ಕಲಾವಿದೆ

ತಮ್ಮಾ, ಮಿಮಿಕ್ರಿ ಬಲ್ಲವನು ನೀನು, ನಮ್ಮ ಕ್ಷೇತ್ರವನ್ನೂ ಒಮ್ಮೆ ನೋಡು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬೇರೆ ಭಾಷೆಯ ಚಿತ್ರಗಳು ಕನ್ನಡಕ್ಕೆ ಡಬ್ ಆಗುವುದಕ್ಕೆ ದಾರಿ ತೆರೆಯಿತು. ಅದರ ಬಗ್ಗೆ ವಾದಗಳು ಏನೇ ಇರಲಿ, ದನಿಯಿಂದ ಬದುಕುವವರಿಗೆ ಕೆಲಸ ಹೆಚ್ಚಿತು. ಇನ್ನೊಬ್ಬ ಹಾಸ್ಯ ನಟನ ತುಟಿಗೆ ನಿನ್ನ ಮಾತು ಕೂರಿಸುವಾಗ ಅವನು ಎಲ್ಲಿ ಉಸಿರು ತೆಗೆದುಕೊಂಡ, ಯಾವ ಅಕ್ಷರವನ್ನು ಎಳೆದ ಎಂಬುದೆಲ್ಲ ನಿನ್ನ ಮೈಗೆ ಇಳಿಯುತ್ತದೆ. ಇಂಥ ಪಾಠ ಬೇರೆಲ್ಲೂ ಸಿಗದು.

ಕನ್ನಡ ಚಿತ್ರಗಳಲ್ಲಿಯೂ ಬಹುಪಾಲು ಸಂಭಾಷಣೆ ಚಿತ್ರೀಕರಣ ಮುಗಿದ ಮೇಲೆ ಸ್ಟುಡಿಯೊದಲ್ಲೇ ದಾಖಲಾಗುತ್ತದೆ. ತಿಂಗಳುಗಳ ಹಿಂದೆ ಬಿಸಿಲಿನಲ್ಲಿ ಓಡುತ್ತಾ ಹೇಳಿದ ಮಾತನ್ನು ಏಸಿ ಕೊಠಡಿಯಲ್ಲಿ ನಿಂತು ಹೇಳಬೇಕು. ನಿಂತಲ್ಲೇ ಜಿಗಿದು ಏದುಸಿರು ತಂದುಕೊಂಡು ಹೇಳು, ಸಂಕೋಚ ಬೇಡ. ಪೋಷಕ ನಟರಲ್ಲಿ ರೂಢಿಯಿರುವ ಒಂದು ಎಚ್ಚರವನ್ನೂ ಹೇಳುತ್ತೇನೆ. ಉಳಿದ ಸಂಭಾವನೆಯನ್ನು ಡಬ್ಬಿಂಗ್‌ಗೆ ಮೊದಲೇ ಕೇಳಿ ಪಡೆಯಬೇಕು. ಡಬ್ಬಿಂಗ್ ಮುಗಿದ ಮೇಲೆ ಅದನ್ನು ವಸೂಲಿ ಮಾಡುವುದು ಬಹಳ ಕಷ್ಟ.

ವಿಜಯನಗರದಲ್ಲಿರುವ ಕಿರುತೆರೆ ನಟಿಯೊಬ್ಬರು

ಕೆಲಸ ಬಿಡಬೇಕೆ ಎಂಬುದಕ್ಕೆ ಮೇಲಿನವರು ಯಾರೂ ನೇರವಾಗಿ ಉತ್ತರಿಸಲಿಲ್ಲ. ಬಿಡಬೇಡಿ, ಕಾರಣವನ್ನು ನಾನು ಹೇಳುತ್ತೇನೆ. ಚಿಕ್ಕ ಹಾಸ್ಯ ಪಾತ್ರಕ್ಕೆ ಒಂದು ಚಿತ್ರದಲ್ಲಿ ಸಿಗುವುದು ಕೆಲವೇ ದಿನಗಳ ಕಾಲ್‌ಶೀಟ್. ಬೆಳಿಗ್ಗೆ ಏಳಕ್ಕೆ ಬಣ್ಣ ಹಚ್ಚಿ ಕೂತರೂ ನಿಮ್ಮ ಶಾಟ್ ಸಂಜೆ ನಾಲ್ಕಕ್ಕೆ ಬರಬಹುದು, ಮರುದಿನಕ್ಕೂ ಹೋಗಬಹುದು. ಬಾಡಿಗೆಯ ಚಿಂತೆ ತಲೆಯಲ್ಲಿದ್ದರೆ ಅಷ್ಟು ಹೊತ್ತು ಹಗುರವಾಗಿ ಕಾಯಲು ಆಗುವುದಿಲ್ಲ. ದಣಿದ, ಹೆದರಿದ ಮುಖದಿಂದ ಹಾಸ್ಯ ಹುಟ್ಟುವುದಿಲ್ಲ. ತಿಂಗಳ ಸಂಬಳ ಇರುವವರೆಗೆ ಕೆಟ್ಟ ಪಾತ್ರವನ್ನು ಬೇಡವೆನ್ನುವ ಧೈರ್ಯವೂ ಇರುತ್ತದೆ. ಧಾರಾವಾಹಿಯಲ್ಲಿ ನಿಯಮಿತ ಪಾತ್ರ ಸಿಕ್ಕಿ, ತಿಂಗಳಿಗೆ ಇಷ್ಟು ದಿನ ಎಂದು ನಿಗದಿಯಾದ ಮೇಲೆ ಬಿಡುವ ಬಗ್ಗೆ ಯೋಚಿಸಿ. ಅಲ್ಲಿ ಸಹಾಯಕ ನಿರ್ದೇಶಕರು ಸಂಭಾಷಣೆಯನ್ನು ಪ್ರಾಂಪ್ಟ್ ಮಾಡುತ್ತಾರೆ. ಅದಕ್ಕೆ ಒಗ್ಗಿಹೋಗಬೇಡಿ. ಕಿವಿ ಪ್ರಾಂಪ್ಟರ್ ಕಡೆ ಇದ್ದರೆ ಎದುರಿನವರ ಮಾತು ಹೇಗೆ ಕೇಳಿಸೀತು?

ಕೆಟ್ಟ ಪಾತ್ರ ಎಂದೆ. ನಮ್ಮಲ್ಲಿ ಹಾಸ್ಯವೆಂದರೆ ದಪ್ಪಗಿರುವವರನ್ನು, ಕಪ್ಪಗಿರುವವರನ್ನು, ತೊದಲುವವರನ್ನು ಆಡಿಕೊಳ್ಳುವುದು ಎಂದು ತಿಳಿದವರು ಇನ್ನೂ ಇದ್ದಾರೆ. ಮೈಕಟ್ಟು ನೋಡಿಯೇ ನನಗೆ ಬಂದ ಪಾತ್ರಗಳಲ್ಲಿ ಮನೆಯವರ ಎದುರು ಹೇಳಲಾಗದ ಮಾತುಗಳಿದ್ದವು. ಅಂಥವನ್ನು ಬಿಟ್ಟಿದ್ದಕ್ಕೆ ನನಗೆ ನಷ್ಟವೇನೂ ಆಗಲಿಲ್ಲ. ದ್ವಾರಕೀಶ್ ತಮ್ಮ ಗಿಡ್ಡ ಮೈಯನ್ನೇ ಗುರುತಾಗಿಸಿಕೊಂಡರು, ನಿಜ. ಆದರೆ 1969ರಲ್ಲಿ ರಾಜ್‌ಕುಮಾರ್ ಅವರ ‘ಮೇಯರ್ ಮುತ್ತಣ್ಣ’ ನಿರ್ಮಿಸಿ, ತಮಗೆ ಎಂಥ ಪಾತ್ರ ಬೇಕೆಂದು ತಾವೇ ನಿರ್ಧರಿಸುವ ಜಾಗಕ್ಕೆ ಏರಿದವರೂ ಅವರೇ. ಎಷ್ಟೋ ವರ್ಷ ಹಾಸ್ಯ ಪಾತ್ರಗಳಲ್ಲೇ ಹೆಚ್ಚಾಗಿ ಕಂಡ ಉಮಾಶ್ರೀ ಅವರಿಗೆ ‘ಗುಲಾಬಿ ಟಾಕೀಸ್’ಗಾಗಿ ಅತ್ಯುತ್ತಮ ನಟಿ ರಾಷ್ಟ್ರ ಪ್ರಶಸ್ತಿ ಬಂದಾಗ ಹಲವರು ಬೆರಗಾದರು. ಅವರನ್ನು ರಂಗದ ಮೇಲೆ ಕಂಡಿದ್ದವರು ಬೆರಗಾಗಲಿಲ್ಲ. ನಗಿಸಬಲ್ಲ ನಟಿಗೆ ಅಳಿಸುವ ಶಕ್ತಿಯೂ ಇರುತ್ತದೆಂದು ನಮ್ಮ ನಿರ್ದೇಶಕರು ಇನ್ನೂ ಬೇಗ ಕಂಡುಕೊಳ್ಳಬೇಕಿತ್ತು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಣ ಕೊಡುವುದಿಲ್ಲವೆಂದು ಅವರಿಗೆ ತಿಳಿಸಿದ್ದೇನೆ. ಕೊನೆಯದಾಗಿ ಒಂದು ಸಂಶಯ. ಮಿಮಿಕ್ರಿಯನ್ನು ಪೂರ್ತಿ ಬಿಟ್ಟುಬಿಡಬೇಕೆ?

ಹನುಮಂತನಗರದ ನಟರು

ಖಂಡಿತ ಬೇಡ, ಅದು ನಿಮ್ಮ ಆಸ್ತಿ. ಪ್ರಸಿದ್ಧರ ದನಿಗಳನ್ನು ಮಾತ್ರ ಸ್ವಲ್ಪ ಕಾಲ ಪಕ್ಕಕ್ಕಿಡಿ. ನಿಮ್ಮ ಸ್ಟೋರ್ಸ್‌ಗೆ ಸಾಮಾನು ಕೇಳಲು ಬರುವ ಕೆಲಸಗಾರರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. “ಸ್ಟಾಕ್ ಇಲ್ಲ” ಎಂದಾಗ ಅವರು ಏನು ಮಾಡುತ್ತಾರೆ, ಚೀಟಿಯನ್ನು ಮಡಚುತ್ತಾರೋ, ನಿಮ್ಮ ಹಿಂದಿನ ಕಪಾಟನ್ನು ನೋಡುತ್ತಾರೋ, ಕೇಳಿಸಲಿಲ್ಲವೆಂಬಂತೆ ನಿಂತೇ ಇರುತ್ತಾರೋ ಗಮನಿಸಿ. ಅವರನ್ನು ಅಣಕಿಸುವ ಉದ್ದೇಶ ಬೇಡ, ಅವರಿಗೆ ಆ ಸಾಮಾನು ಎಷ್ಟು ತುರ್ತಾಗಿ ಬೇಕಿದೆ ಎಂಬುದನ್ನು ಹಿಡಿಯಿರಿ. ಅದನ್ನು ಅಭ್ಯಾಸ ಮಾಡಿ ಭಾನುವಾರ ಬೆಳಿಗ್ಗೆ ನಮ್ಮ ತಾಲೀಮಿಗೆ ಬನ್ನಿ. ಸ್ಟೋರ್ಸ್‌ನವರ ಮಾತನ್ನು ನಾನು ಹೇಳುತ್ತೇನೆ, ನೀವು ಕೇಳಿಸಿಕೊಳ್ಳಿ.