ಪ್ರಿಂಟ್ ಕೊಟ್ಟಾಗಲೆಲ್ಲ ‘ಸ್ಟಾಪ್ಡ್ ವರ್ಕಿಂಗ್’ ಪಾಪ್‌ಅಪ್, ಆಫ್ ಮಾಡೋದು ಹೇಗೆ?

ಮಲ್ಲೇಶ್ವರಂ ಡಿಟಿಪಿ
ಅಂಗಡಿ ಸಿಸ್ಟಮ್ ವಿಂಡೋಸ್ 7 ಪ್ರೊಫೆಷನಲ್, ಎರಡು ಲೇಸರ್ ಪ್ರಿಂಟರ್. ಪಿಡಿಎಫ್ ಪ್ರಿಂಟ್ ಕೊಟ್ಟರೆ ‘ಸ್ಪೂಲರ್ ಸಬ್‌ಸಿಸ್ಟಮ್ ಆ್ಯಪ್ ಹ್ಯಾಸ್ ಸ್ಟಾಪ್ಡ್ ವರ್ಕಿಂಗ್’ ಅಂತ ಬರುತ್ತೆ. ಒಂದೆರಡು ಸಲ ಕ್ಲೋಸ್ ಒತ್ತಿದ ಮೇಲೆ ಪ್ರಿಂಟರ್‌ಗಳೇ ಪಟ್ಟಿಯಿಂದ ಮಾಯ. ರೀಸ್ಟಾರ್ಟ್ ಮಾಡಿದರೂ ಅದೇ ಗೋಳು. ಈ ಪಾಪ್‌ಅಪ್ ಬರದ ಹಾಗೆ ಸೆಟ್ಟಿಂಗ್ ಇದೆಯಾ?

ಕೀಲಿಮಣೆ
ಇದೆ, ಆದರೆ ಈಗಲೇ ಅದಕ್ಕೆ ಕೈ ಹಾಕಬೇಡಿ. ಬೀಳುತ್ತಿರೋದು ಸ್ಪೂಲರ್, ಅಂದರೆ ಪ್ರಿಂಟ್‌ಗೆ ಕೊಟ್ಟದ್ದನ್ನು ಸಾಲಾಗಿ ಪ್ರಿಂಟರ್‌ಗೆ ಕಳಿಸೋ ವಿಂಡೋಸ್ ಪ್ರೋಗ್ರಾಂ; ಬೀಳಿಸುತ್ತಿರೋದು ಯಾರು ಅಂತ ನೋಡಬೇಕು. ಸ್ಟಾರ್ಟ್‌ನಲ್ಲಿ ‘ರಿಲಯಬಿಲಿಟಿ’ ಅಂತ ಟೈಪ್ ಮಾಡಿ, ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ತೆರೆಯಿರಿ. ಕೆಂಪು ಗುರುತಿನ ದಿನ ಒತ್ತಿ, ಸ್ಪೂಲರ್ ಸಾಲಿನಲ್ಲಿ ‘ವ್ಯೂ ಟೆಕ್ನಿಕಲ್ ಡೀಟೇಲ್ಸ್’. ‘ಫಾಲ್ಟ್ ಮಾಡ್ಯೂಲ್ ನೇಮ್’ ಮುಂದಿರೋ ಡಿಎಲ್‌ಎಲ್ (ಪ್ರೋಗ್ರಾಂಗಳು ಬಳಸೋ ಕೋಡ್ ಫೈಲ್) ಹೆಸರು ಬರೆದುಕೊಳ್ಳಿ. ಅಲ್ಲಿ ಎನ್‌ಟಿಡಿಎಲ್‌ಎಲ್ ಅಂತ ವಿಂಡೋಸ್‌ನದೇ ಫೈಲ್ ಇದ್ದರೆ ವಿಂಡೋಸೇ ಕೆಟ್ಟಿದೆ ಅಂದುಕೊಳ್ಳಬೇಡಿ. ಅದು ಬಿದ್ದ ಜಾಗ, ತಳ್ಳಿದವನು ಸಾಮಾನ್ಯವಾಗಿ ಬೇರೆ.

ಪ್ರಿಂಟರ್ ಮಾಯವಾಗೋದು ಯಾಕೆ ಅಂದರೆ, ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್‌ನ ರಿಕವರಿ ಟ್ಯಾಬ್ ನೋಡಿ: ಮೊದಲೆರಡು ಸಲಕ್ಕೆ ರೀಸ್ಟಾರ್ಟ್, ಆಮೇಲೆ ‘ಟೇಕ್ ನೋ ಆ್ಯಕ್ಷನ್’. ಮೂರನೇ ಸಲ ಬಿದ್ದದ್ದು ತಾನಾಗಿ ಏಳಲ್ಲ.

ಎಸ್‌ಪಿ ರೋಡ್ ಸರ್ವಿಸ್
ಸಿಕ್ಕಿಕೊಂಡಿರೋ ಜಾಬ್ (ಪ್ರಿಂಟ್‌ಗೆ ಕೊಟ್ಟ ಕೆಲಸ) ಮೊದಲು ತೆಗೀರಿ. ಸರ್ವಿಸಸ್‌ನಲ್ಲಿ ಸ್ಪೂಲರ್ ಸ್ಟಾಪ್ ಮಾಡಿ, ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಅಂತ ಒಳಗೆ ಹೋಗಿ. ಒಂದೊಂದು ಜಾಬ್‌ಗೆ ಎಸ್‌ಪಿಎಲ್, ಎಸ್‌ಎಚ್‌ಡಿ ಅಂತ ಜೋಡಿ ಫೈಲ್ ಇರುತ್ತೆ; ಎರಡನ್ನೂ ಅಳಿಸಿ. ಇವು ಡಿಸ್ಕ್‌ನಲ್ಲೇ ಉಳಿಯೋದರಿಂದ ರೀಸ್ಟಾರ್ಟ್ ಮಾಡಿದರೂ ಅದೇ ಜಾಬ್ ಮತ್ತೆ ಓಡಿ ಮತ್ತೆ ಬೀಳಿಸುತ್ತೆ. ಪಕ್ಕದ ‘ಡ್ರೈವರ್ಸ್’ ಫೋಲ್ಡರ್ ಮುಟ್ಟಬೇಡಿ, ಪ್ರಿಂಟರ್ ನಡೆಸೋ ಸಾಫ್ಟ್‌ವೇರ್ (ಡ್ರೈವರ್) ಅದರಲ್ಲಿರುತ್ತೆ.

ಆಮೇಲೆ ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡಿ, ತಪ್ಪಿತಸ್ಥ ಪ್ರಿಂಟರ್ ಅನ್ನು ಪಟ್ಟಿಯಿಂದ ತೆಗೆದು, ಡಿವೈಸಸ್ ಅಂಡ್ ಪ್ರಿಂಟರ್ಸ್‌ನಲ್ಲಿ ಇನ್ನೊಂದನ್ನು ಆರಿಸಿ ‘ಪ್ರಿಂಟ್ ಸರ್ವರ್ ಪ್ರಾಪರ್ಟೀಸ್’, ಡ್ರೈವರ್ಸ್ ಟ್ಯಾಬ್, ‘ರಿಮೂವ್ ಡ್ರೈವರ್ ಅಂಡ್ ಡ್ರೈವರ್ ಪ್ಯಾಕೇಜ್’. ಬರೀ ಪ್ರಿಂಟರ್ ತೆಗೆದರೆ ಹಳೇ ಡ್ರೈವರ್ ಅಲ್ಲೇ ಕೂತಿರುತ್ತೆ.

ಮಲ್ಲೇಶ್ವರಂ ಡಿಟಿಪಿ
ಸರ್, ಡ್ರೈವರ್ ‘ಇನ್ ಯೂಸ್’ ಅಂತಿದೆ.

ಎಸ್‌ಪಿ ರೋಡ್ ಸರ್ವಿಸ್
ಸ್ಪೂಲರ್ ಅದನ್ನು ಹಿಡಿದುಕೊಂಡಿದೆ. ಸ್ಪೂಲರ್ ಸ್ಟಾಪ್ ಮಾಡಿ ಸ್ಟಾರ್ಟ್ ಕೊಟ್ಟ ತಕ್ಷಣ, ಬೇರೇನೂ ತೆರೆಯದೆ, ರಿಮೂವ್ ಒತ್ತಿ.

ಕೀಲಿಮಣೆ
ಹೊಸ ಡ್ರೈವರ್ ಹಾಕಿದ ಮೇಲೂ ಬಿದ್ದರೆ, ಅಡ್ಮಿನಿಸ್ಟ್ರೇಟಿವ್ ಟೂಲ್ಸ್‌ನ ಪ್ರಿಂಟ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಡ್ರೈವರ್ ಮೇಲೆ ರೈಟ್ ಕ್ಲಿಕ್, ‘ಸೆಟ್ ಡ್ರೈವರ್ ಐಸೊಲೇಷನ್’, ‘ಐಸೊಲೇಟೆಡ್’. ಆಗ ಅದು ಬೇರೆ ಪ್ರೋಸೆಸ್‌ನಲ್ಲಿ ಓಡುತ್ತೆ. ಬಿದ್ದರೂ ಸ್ಪೂಲರ್ ಬದುಕಿರುತ್ತೆ, ಇನ್ನೊಂದು ಪ್ರಿಂಟರ್ ಕೆಲಸ ನಿಲ್ಲಲ್ಲ. ಎಲ್ಲ ಡ್ರೈವರ್‌ಗೂ ಇದು ಹೊಂದಲ್ಲ, ಒಂದು ಟೆಸ್ಟ್ ಪೇಜ್ ತೆಗೆದು ನೋಡಿ.

ಅಂದಹಾಗೆ, ‘ಸಿಸ್ಟಮ್ ಕ್ರ್ಯಾಶ್ ಆಗಿದೆ, ಈ ನಂಬರ್‌ಗೆ ಫೋನ್ ಮಾಡಿ’ ಅಂತ ಮೂಲೆಯಲ್ಲಿ ಬಂದರೆ ಅದು ವಿಂಡೋಸ್‌ನದ್ದಲ್ಲ. ನಿಜವಾದ ಎರರ್‌ನಲ್ಲಿ ಫೋನ್ ನಂಬರ್ ಇರಲ್ಲ. ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ಆ ಸೈಟ್ ಬ್ಲಾಕ್ ಮಾಡಿ. ಯಾರಾದರೂ ಫೋನ್ ಮಾಡಿ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲಿ.