'ಫ್ರಂಟ್ ಪೋರ್ಚ್'ಗೆ ಜಗಲಿಯೋ ಚಾವಡಿಯೋ?

ಮಂಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಬಡಾವಣೆಗಳಲ್ಲಿ ಮನೆಯೆದುರಿನ ಪೋರ್ಚ್ (ಮಾಡಿನ ಕೆಳಗೆ ಜನ ಕೂರುವ ತೆರೆದ ಜಾಗ) ಕಾಣೆಯಾದ ಕುರಿತ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಎರಡನೇ ಮಹಾಯುದ್ಧದ ನಂತರ ಟಿ.ವಿ., ಎ.ಸಿ. ಬಂದು ಜನ ಒಳಸೇರಿದರು, ಗ್ಯಾರೇಜು ಮನೆಯ ಎದುರಿಗೆ ಬಂತು, ಕೂರುವ ಜಾಗ ಹಿಂದಿನ 'ಪ್ಯಾಟಿಯೋ'ಗೆ ಹೋಯಿತು ಎಂಬುದು ಸಾರ. ಜಗಲಿ, ಚಾವಡಿ, ವರಾಂಡ ಮೂರನ್ನೂ ಬರೆದು ಹೊಡೆದುಹಾಕಿದ್ದೇನೆ. ನಾಳೆ ಬೆಳಿಗ್ಗೆ ಪುಟ ಕಟ್ಟುತ್ತಾರೆ. ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ:
ಮೊಗಸಾಲೆ. ಅಚ್ಚಗನ್ನಡ ಪದ ಇರುವಾಗ ಚರ್ಚೆಯೇ ಬೇಡ. ವರಾಂಡ ಪೋರ್ಚುಗೀಸರ ಬಾಯಲ್ಲಿದ್ದ ಮಾತು, ಅದನ್ನು ಮುಟ್ಟಬೇಡಿ.

ಉಡುಪಿಯಿಂದ:
ಮೊಗಸಾಲೆ ಮುಖಶಾಲೆಯ ತದ್ಭವ ಸರ್, ಅಚ್ಚಗನ್ನಡ ಎಲ್ಲಿ ಬಂತು? ನಮ್ಮ ಕಡೆ ಅದನ್ನು ಯಾರೂ ಆಡುವುದೂ ಇಲ್ಲ.

ಚಾವಡಿಯನ್ನೂ ಬಿಡಿ. ಗುತ್ತಿನ ಮನೆಯಲ್ಲಿ, ಎಂದರೆ ತುಳುನಾಡಿನ ಊರ ಯಜಮಾನರ ಮನೆಯಲ್ಲಿ, ದೈವದ ಮಂಚ ಇರುವುದು, ಊರಿನ ನ್ಯಾಯ ತೀರ್ಮಾನ ಆಗುತ್ತಿದ್ದುದು ಚಾವಡಿಯಲ್ಲಿ. ನವರಾತ್ರಿಗೆ ಹೂವಿನ ಕೋಲಿನ (ಮನೆಮನೆಗೆ ಬರುವ ಯಕ್ಷಗಾನದ) ಮಕ್ಕಳು ಬಂದು ಅರ್ಥ ಹೇಳುತ್ತಿದ್ದುದೂ ಅಲ್ಲೇ. ಕರೆದ ಮೇಲೆ ಹೋಗುವ ಜಾಗ ಅದು. ಜಗಲಿಗೆ ಕರೆಯುವವರು ಬೇಕಿರಲಿಲ್ಲ. ನನ್ನ ಅಜ್ಜಿಮನೆಯಲ್ಲಿ ದಾರಿಹೋಕರೂ ಹತ್ತಿ ಕೂರುತ್ತಿದ್ದರು. ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ ಕೊಟ್ಟ ಮೇಲೆಯೇ ಯಾರು, ಎಲ್ಲಿಂದ ಎಂಬ ವಿಚಾರಣೆ. ಮಧ್ಯಾಹ್ನ ನೆರೆಮನೆಯ ಹೆಂಗಸರು ಬೀಡಿ ಕಟ್ಟಲು ಗೆರಸೆ ಹಿಡಿದು ಅಲ್ಲಿಗೇ ಬರುತ್ತಿದ್ದರು. ಆಟಿಯ ಮಳೆಗೆ ಮಡಲಿನ ತಟ್ಟಿ ಕಟ್ಟಿದರೂ ಒಂದು ಬದಿ ತೆರೆದೇ ಇರುತ್ತಿತ್ತು.

ಒಂದು ಎಚ್ಚರಿಕೆ. ತೋಟದ ಮನೆಗಳ ಜಗಲಿ ನೋಡುವುದು ಅಂಗಳವನ್ನು, ರಸ್ತೆಯನ್ನಲ್ಲ. ನಿಮ್ಮ ಲೇಖನದ ಪೋರ್ಚಿಗೆ ಹತ್ತಿರದ್ದು ರಥಬೀದಿಯ ಹಳೇ ಮನೆಗಳ ಜಗಲಿ. ಹಾಗಾಗಿ ಮೊದಲ ಸಲ 'ಬೀದಿ ಬದಿಯ ಜಗಲಿ' ಎನ್ನಿ, ಆಮೇಲೆ ಬರೀ ಜಗಲಿ ಸಾಕು. ಪ್ಯಾಟಿಯೋಗೆ ಹಿತ್ತಿಲು ಎಂದರೆ ಓದುಗರಿಗೆ ತಿಳಿಯುತ್ತದೆ.

ಮೈಸೂರಿನಿಂದ:
'ಮುಖ' ಎಂಬ ಪದ ದ್ರಾವಿಡದಿಂದಲೇ ಸಂಸ್ಕೃತಕ್ಕೆ ಹೋದದ್ದೆಂದು ವಾದಿಸಿದ ವಿದ್ವಾಂಸರಿದ್ದಾರೆ, ಓದಿ ನೋಡಿ. ಜಗಲಿಯ ಮೇಲೆ ಇಷ್ಟು ಪ್ರೀತಿಯಿರುವ ನಿಮ್ಮೂರಲ್ಲೇ ಈಗ ಎಲ್ಲರ ಬಾಯಲ್ಲೂ 'ಸಿಟೌಟ್'. ಪದ ಬಿಟ್ಟುಕೊಟ್ಟವರು ಯಾರು?

ಉಡುಪಿಯಿಂದ:
ಬಿಟ್ಟುಕೊಟ್ಟದ್ದು ನಾವೇ. ಆದರೆ ಮೊದಲು ಹೋದದ್ದು ಜಗಲಿ, ಪದ ಅದರ ಹಿಂದೆ ಹೋಯಿತು. ಹೊಸ ವಸ್ತುವಿಗೆ ಹಳೇ ಪದ ಸಾಕಾದದ್ದೂ ಉಂಟು. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಮಾಡು ಹೊದಿಸುವ ಆ ಬಗೆಯ ಹಂಚು ನಮಗೆ ಹೊಸತು. ಆದರೂ ನಮ್ಮ ಹಳೇ ಪದದಿಂದ ಹಂಚು ಎಂದೇ ಕರೆದೆವು, ಯಾರೂ ಹೇಳಿಕೊಡಲಿಲ್ಲ. ಆದರೆ ಸಿಟೌಟ್ ಎಂದರೆ ಗ್ರಿಲ್ಲು ಹಾಕಿ ಬೀಗ ಜಡಿದ ಜಾಗ. ಎರಡು ಕುರ್ಚಿ, ಎದುರಿಗೆ ಕಾರು. ಅದನ್ನು ಜಗಲಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಕದ್ರಿ, ಬೆಜೈಯ ಫ್ಲ್ಯಾಟುಗಳಲ್ಲಿ ಅಷ್ಟೂ ಇಲ್ಲ. ಬಾಗಿಲ ಹೊರಗೆ ಚಪ್ಪಲಿ ಸ್ಟ್ಯಾಂಡು, ಆಮೇಲೆ ಲಿಫ್ಟು. ಸಿಟೌಟ್ ಎಂಬ ಪದವನ್ನು ಓಡಿಸಿದರೆ ಆ ಬೀಗ ತೆರೆಯುತ್ತದೆಯೇ ಸರ್? ಎರವಲಿನ ಜಗಳವನ್ನು ಬೇರೆ ದಿನ ಆಡೋಣ, ಇವರಿಗೆ ನಾಳೆ ಬೆಳಿಗ್ಗೆ ಪದ ಬೇಕು.

ಮಂಗಳೂರಿನಿಂದ:
ಇಬ್ಬರಿಗೂ ಉಪಕಾರವಾಯಿತು. ಜಗಲಿಯನ್ನೇ ಹಾಕಿದೆ. ತಲೆಬರಹ 'ಜಗಲಿಯಿಂದ ಹಿತ್ತಿಲಿಗೆ'. ಕೊನೆಯ ಪುಟದಲ್ಲಿ 'ಸ್ಟೂಪ್' ಒಂದು ಬಾಕಿ ಇದೆ ಮಾರಾಯ್ರೇ: ನ್ಯೂಯಾರ್ಕಿನ ಮನೆಗಳ ಎದುರಿನ ಮೆಟ್ಟಿಲು, ಜನ ಕೂತು ಮಾತಾಡುವಂಥದ್ದು. ಇಂಗ್ಲಿಷಿಗೆ ಅದು ಡಚ್ಚಿನಿಂದ ಬಂದ ಪದ. 'ಮೆಟ್ಟಿಲಕಟ್ಟೆ' ಎಂದರೆ ಆದೀತೇ?